ಕೆಂಚಕ್ಕನಿಗೆ ನೋವಾಗಲಿಲ್ಲ

ನನ್ನ ಅವ್ವ ಕೆಂಚಕ್ಕನ ಹೊಟ್ಟೆಯನ್ನು ಡಾಕ್ಟರ್ ಪ್ರದೀಪ್ ನಾಲ್ಕು ಬೆರಳಿನಿಂದ ಒತ್ತಿ, ಥಟ್ಟನೆ ಕೈ ತೆಗೆದರು. ಒಳಗೆ ಕೀವಾಗಿದ್ದರೆ ಎಂಥ ಗಟ್ಟಿಗನೂ ಆ ಹೊತ್ತಿಗೆ ಚೀರುತ್ತಾನೆ. ಅವ್ವ ನಕ್ಕಳು.

"ನೋವಾಯ್ತಾ ಅಮ್ಮ?"

"ಇಲ್ಲ ಸಾಮಿ. ಕಚಗುಳಿ ಆತು."

ನನಗೆ ಸಿಟ್ಟು ನೆತ್ತಿಗೇರಿತು. ಅವಳು ಸಾಯುವ ಹಾಗಿದ್ದಾಳೆ ಎಂದು ನನಗೆ ಗೊತ್ತು. ಅವಳಿಗೂ ಗೊತ್ತಿಲ್ಲ, ಡಾಕ್ಟರಿಗೂ ಗೊತ್ತಿಲ್ಲ. ಜ್ವರ ನೂರಾ ಎರಡಿತ್ತು. ನಾಡಿ ನಿಮಿಷಕ್ಕೆ ನೂರಾ ಮೂವತ್ತು. ಅಷ್ಟಿದ್ದೂ ನಮ್ಮ ಹಳ್ಳಿ ಹರಿಯಬ್ಬೆಯಿಂದ ಎರಡು ಬಸ್ ಬದಲಿಸಿ, ದುರ್ಗದ ಬಸ್ ಸ್ಟ್ಯಾಂಡಿನಿಂದ ನರ್ಸಿಂಗ್ ಹೋಮಿನವರೆಗೆ ಆಟೋ ಬೇಡವೆಂದು ನಡೆದೇ ಬಂದಿದ್ದಳು. ಅವಳ ಹಿಂದೆ ನನ್ನ ತಮ್ಮ ಜುಂಜೇಶ ಚೀಲ ಹೊತ್ತು ಏದುಸಿರು ಬಿಡುತ್ತ ಬಂದಿದ್ದ.

"ವೈರಲ್ ಜ್ವರ, ಜೊತೆಗೆ ಗ್ಯಾಸ್," ಎಂದು ಡಾಕ್ಟರ್ ಚೀಟಿ ಬರೆಯತೊಡಗಿದರು. "ಮಾತ್ರೆ ತಗೊಂಡು ಊರಿಗೆ ಹೋಗ್ರಿ. ಎರಡು ದಿನ ಬಿಟ್ಟು ಬರ್ರಿ."

ಎರಡು ದಿನ ಬಿಟ್ಟರೆ ಬರಲು ಅವ್ವ ಇರುವುದಿಲ್ಲ. "ಸಾರ್, ಇವಳಿಗೆ ನೋವು ಆಗಲ್ಲ. ಯಾವತ್ತೂ ಆಗಿಲ್ಲ," ಎಂದೆ.

ಹೇಳಿದ ಮೇಲೆ ಅದು ನನ್ನ ಕಿವಿಗೇ ಪೆದ್ದುಪೆದ್ದಾಗಿ ಕೇಳಿಸಿತು. ನಾನು ಇದೇ ಊರಿನ ಫಾರ್ಮಸಿ ಕಾಲೇಜಿನಲ್ಲಿ ಕಲಿಸುವವಳು, ಹಾಗಾಗಿ ಪಾಠವನ್ನೇ ಶುರು ಮಾಡಿದೆ. ಪೆಟ್ಟು ಬಿದ್ದಾಗ ಮಿದುಳಿನ ನರಕೋಶಗಳು ತಮ್ಮ ಪೊರೆಯಲ್ಲಿರುವ ಕೊಬ್ಬಿನಿಂದಲೇ ಒಂದು ಸಂದೇಶದ ಅಣುವನ್ನು ಮಾಡಿಕೊಳ್ಳುತ್ತವೆ. ಹೆಸರು ಆನಂದಮೈಡ್. ನೋವಿನ ಸುದ್ದಿ ತರುವ ನರಕ್ಕೆ ಅದು ಮೆಲ್ಲಗೆ 'ಸಾಕು' ಅನ್ನುತ್ತದೆ. ಎಲ್ಲರಲ್ಲೂ ಒಂದು ಕಿಣ್ವ ಬೇಗನೆ ಬಂದು ಆ ಅಣುವನ್ನು ಒಡೆದು ಹಾಕುತ್ತದೆ, ಆಮೇಲೆ ನೋವು ತನ್ನ ಕೆಲಸ ಮಾಡುತ್ತದೆ. ಅವ್ವನ ಕಿಣ್ವ ಹುಟ್ಟಾ ಸೋಮಾರಿ. ಅಣು ಅವಳ ಮಿದುಳಿನಲ್ಲಿ ಒಡೆಯದೆ ಕೂತೇ ಇರುತ್ತದೆ. ಅದಕ್ಕೇ ಅವಳಿಗೆ ನೋವಿಲ್ಲ, ಹೆದರಿಕೆಯೂ ಕಡಿಮೆ. ಅದಕ್ಕೇ ಅವಳಿಗೆ ನೋವಿಲ್ಲ, ಹೆದರಿಕೆಯೂ ಕಡಿಮೆ.

"ನಾನೂ ಓದಿದ್ದೀನಿ ಮೇಡಂ," ಎಂದರು ಡಾಕ್ಟರ್. "ಜಗತ್ತಲ್ಲಿ ಬೆರಳೆಣಿಕೆ ಜನಕ್ಕೆ ಇರೋದು. ಅದು ನಿಮ್ಮ ತಾಯಿಗೇ ಬರಬೇಕಾ?"

ಯಾರಿಗಾದರೂ ಬಂದಿರಲೇಬೇಕಲ್ಲ ಎಂಬ ಮಾತು ನಾಲಿಗೆವರೆಗೆ ಬಂದಿದ್ದನ್ನು ನುಂಗಿಕೊಂಡೆ. ಅಷ್ಟರಲ್ಲಿ ಅವ್ವ ಸೆರಗು ಸರಿಮಾಡಿಕೊಂಡು ಎದ್ದು ನಿಂತಿದ್ದಳು. "ಡಾಕ್ಟ್ರೇ ಹೇಳಿದ ಮ್ಯಾಲೆ ಆತಲ್ಲ. ನಡೀರಿ ಹೋಗಾಣ, ಕುರಿ ಹಟ್ಟಿಗೆ ಬರೋ ಹೊತ್ತಾತು."

ಇಂಥ ಮಾತು ಕೇಳುತ್ತಲೇ ಬೆಳೆದವಳು ನಾನು. ಎಂಟನೇ ವಯಸ್ಸಿನಲ್ಲಿ ಬಂಡೆಯಿಂದ ಬಿದ್ದು ಮುಂಗೈ ಮುರಿದಾಗ, ಊದೈತೆ ಅಷ್ಟೇ ನಡಿ ಎಂದು ಎರಡು ದಿನ ಕುರಿ ಹಿಂದೆ ನಡೆಸಿದ್ದಳು. ಅವಳದು ಕಲ್ಲೆದೆ ಎಂದು ಎಷ್ಟೋ ವರ್ಷ ದ್ವೇಷಿಸಿದ್ದೆ. ಪರೀಕ್ಷೆಯ ಕಾಗದ ಬಂದ ಮೇಲೆ ದ್ವೇಷ ಹೋಯಿತು. ಸಿಟ್ಟು ಉಳಿಯಿತು.

ಬಾಗಿಲ ಬಳಿ ನಿಂತಿದ್ದ ಜುಂಜೇಶ ಚೀಲ ಕೆಳಗಿಟ್ಟ.

"ಸಾರ್, ನಾವು ಕುರಿ ಕಾಯೋರು. ಕುರಿ ಎಲ್ಲಿ ನೋಯ್ತೈತೆ ಅಂತ ಬಾಯಿಬಿಟ್ಟು ಹೇಳ್ತೈತಾ? ಮೆಲುಕು ನಿಲ್ಲಿಸ್ತು, ಹಿಂಡು ಬಿಟ್ಟು ಒಂದ್ಕಡೆ ನಿಂತ್ಕಂತು ಅಂದ್ರೆ ಹಿಡ್ದು ನೋಡ್ತೀವಿ. ಇವಳು ಎರಡು ದಿನದಿಂದ ಎಲೆಅಡಿಕೆ ಬಾಯಿಗಿಟ್ಟಿಲ್ಲ. ನಾನು ಕಂಡಂಗೆ ಒಂದಿನ ಬಿಟ್ಟೋಳಲ್ಲ. ನಿನ್ನೆ ಜಾಲಿ ಮರದಡಿ ಒಬ್ಳೇ ಹೋಗಿ ಕುಂತಿದ್ಲು. ಅವಳ ಮಾತು ಕೇಳಬ್ಯಾಡ್ರಿ. ಕುರಿ ನೋಡ್ದಂಗೆ ನೋಡ್ರಿ."

"ಲೇ, ಹೆತ್ತವ್ವನ್ನೇ ಕುರಿ ಮಾಡ್ದಲ್ಲೋ!" ಅವ್ವ ಮತ್ತೆ ನಕ್ಕಳು.

ಡಾಕ್ಟರ್ ನಗಲಿಲ್ಲ. ಪೆನ್ನು ಕೆಳಗಿಟ್ಟು ಮತ್ತೊಮ್ಮೆ ನಾಡಿ ಹಿಡಿದರು, ನಾಲಿಗೆ ನೋಡಿದರು. ಈ ಸಲ ಅವ್ವನನ್ನು ಏನೂ ಕೇಳಲಿಲ್ಲ. "ಸ್ಕ್ಯಾನ್ ಮಾಡಿಸೋಣ," ಎಂದರು. ನನ್ನ ಹತ್ತು ವರ್ಷದ ಪಾಠ ಸೋತಲ್ಲಿ ತಮ್ಮನ ಕುರಿ ಗೆದ್ದಿತ್ತು. ಹೊಟ್ಟೆಕಿಚ್ಚು ಪಡಲು ಪುರಸೊತ್ತಿರಲಿಲ್ಲ.

ಅಪೆಂಡಿಕ್ಸ್ ಒಡೆದುಹೋಗಿತ್ತು. ಸ್ಕ್ಯಾನ್ ಕೋಣೆಯಿಂದ ಅವಳನ್ನು ನೇರವಾಗಿ ಆಪರೇಷನ್ನಿಗೆ ಒಯ್ದರು. ಸಹಿ ಹಾಕುವಾಗ ಕಾವ್ಯಶ್ರೀ ಎಂಬ ನನ್ನ ಹೆಸರೇ ಸೊಟ್ಟಗಾಯಿತು. ಎರಡೂವರೆ ಗಂಟೆ ನಾನೂ ಜುಂಜೇಶನೂ ಬೆಂಚಿನ ಮೇಲೆ ಕೂತೆವು.

ಹೊರಬಂದ ಡಾಕ್ಟರ್ ಮುಖ ಬಿಳಿಚಿತ್ತು. "ಉಳಿದಿದ್ದಾರೆ. ಊರಿಗೆ ಕಳಿಸಿದ್ರೆ ಉಳೀತಿರಲಿಲ್ಲ. ಕ್ಷಮಿಸ್ರಿ ಮೇಡಂ." ಮತ್ತೆ ಹೇಳಿದರು, "ಇನ್ನೂ ಗಂಡಾಂತರ ಐತೆ. ಭಾರ ಎತ್ತಿದ್ರೆ ಹೊಲಿಗೆ ಕಿತ್ತು ಹೋಗ್ತದೆ, ಇವರಿಗೆ ಗೊತ್ತೇ ಆಗಲ್ಲ. ಬೇರೆಯವರನ್ನ ನೋವೇ ಮಲಗಿಸ್ತೈತೆ. ಇವರನ್ನ ನೀವೇ ಮಲಗಿಸ್ಬೇಕು."

ಮೂರನೇ ದಿನ ಬೆಳಿಗ್ಗೆ ಔಷಧಿ ತರಲು ಹೋಗಿ ಹತ್ತೇ ನಿಮಿಷದಲ್ಲಿ ಬಂದೆ. ಅವ್ವ ಮಂಚದ ಮೇಲಿರಲಿಲ್ಲ. ಪಕ್ಕದ ಮಂಚದವಳಿಗೆ ನೀರು ಬೇಕಿತ್ತಂತೆ. ವಾರ್ಡಿನ ಮೂಲೆಯಲ್ಲಿ ಇಪ್ಪತ್ತು ಲೀಟರಿನ ತುಂಬಿದ ಕ್ಯಾನನ್ನು ಎರಡೂ ಕೈಯಲ್ಲಿ ಎತ್ತಿ ನಿಂತಿದ್ದಳು. ಹೊಟ್ಟೆಯ ಮೇಲಿನ ಸೀರೆಯಲ್ಲಿ ಅಂಗೈಯಗಲ ರಕ್ತ ಇಳಿದಿತ್ತು.

"ಇಳಿಸವ್ವಾ!"

"ಕಿರುಚಬ್ಯಾಡ ಕಾವ್ಯ. ನಂಗೇನೂ ನೋಯ್ತಾ ಇಲ್ಲ."

ನನ್ನ ಪಾಠ, ನನ್ನ ಸಿಟ್ಟು ಎಲ್ಲವೂ ಒಟ್ಟಿಗೆ ಕೈಕೊಟ್ಟವು. ಅಲ್ಲೇ ನೆಲದ ಮೇಲೆ ಕುಸಿದು, ವಾರ್ಡಿನವರೆಲ್ಲ ನೋಡುತ್ತಿದ್ದಂತೆ ಗೊಳೋ ಎಂದು ಅತ್ತೆ. "ನಿಂಗೆ ನೋಯಲ್ಲ ಅವ್ವಾ. ನಂಗೆ ನೋಯ್ತೈತೆ. ನೀನು ಅದ್ನ ಎತ್ತಿದ್ರೆ ನಂಗೆ ನೋಯ್ತೈತೆ!"

ಅವ್ವ ಕ್ಯಾನ್ ಇಳಿಸಿದಳು. ಸೀರೆಯ ಮೇಲಿನ ರಕ್ತವನ್ನು ಅವಳು ನೋಡಲೇ ಇಲ್ಲ, ನನ್ನ ಮುಖವನ್ನೇ ನೋಡಿದಳು. ಆಮೇಲೆ ತಾನೇ ಮೆಲ್ಲಗೆ ನಡೆದು ಹೋಗಿ ಮಲಗಿದಳು. ಡಾಕ್ಟರ್ ಬಂದು ಕಿತ್ತುಹೋಗಿದ್ದ ಎರಡು ಹೊಲಿಗೆ ಮತ್ತೆ ಹಾಕಿದರು.

ಅಲ್ಲಿಂದ ಮುಂದೆ ಹತ್ತು ದಿನ, ಮಂಚದಿಂದ ಕಾಲು ಕೆಳಗಿಡುವ ಮೊದಲು ಪ್ರತಿ ಸಲವೂ ಅವ್ವ ನನ್ನ ಕಡೆ ತಿರುಗಿ ಕೇಳುತ್ತಿದ್ದಳು.

"ಏಳ್ಲೇನೇ? ನಿಂಗೆ ನೋಯ್ತೈತಾ?"