ಪಾಲಮ್ಮನ ಸೊಲ್ಲು

ನಮ್ಮ ಹಟ್ಟಿಯಲ್ಲಿ ಒಂದು ಕಟ್ಟಳೆ ಇದೆ. ಕಥೆಯ ಹಾಡು ಎತ್ತಿಕೊಂಡರೆ ನಡುವೆ ಬಿಡುವಂತಿಲ್ಲ. ಹಾಡಿನೊಳಗಿನವರು ಮನೆ ಸೇರುವ ತನಕ ಕೇಳುವವರೂ ಏಳುವುದಿಲ್ಲ, ಬಾಯಿಗೆ ತುತ್ತು ಇಡುವುದಿಲ್ಲ. ಎದ್ದರೆ, ಒಬ್ಬರನ್ನು ಅಡವಿಯಲ್ಲಿ ಬಿಟ್ಟು ಬಂದು ಉಂಡ ಹಾಗೆ ಎಂದು ಹಿರಿಯರು ಹೇಳುತ್ತಿದ್ದರು.

ನನ್ನ ಹೆಂಡತಿ ಪಾಲಮ್ಮ ಮತ್ತು ಅವಳ ಅಕ್ಕ ಚಿತ್ತಮ್ಮ ಜೋಡಿಯಾಗಿ ಹಾಡುತ್ತಿದ್ದರು. ಚಿತ್ತಮ್ಮ ಸಾಲು ಎತ್ತಿಕೊಟ್ಟರೆ ಪಾಲಮ್ಮ ಹಿಂದಿನಿಂದ ಅದಕ್ಕೆ ಮರುನುಡಿ, ನಮ್ಮ ಮಾತಲ್ಲಿ ಸೊಲ್ಲು, ಕೊಡುತ್ತಿದ್ದಳು. ಸಾಲುಗಳೆಲ್ಲ ಅಕ್ಕನವು, ಸೊಲ್ಲು ಮಾತ್ರ ಇವಳದು. ಹಾಗಾಗಿ ಚಿತ್ತಮ್ಮ ತೀರಿಕೊಂಡ ಮೇಲೆ ಪಾಲಮ್ಮನೂ ಹಾಡಲಿಲ್ಲ. ಸೊಲ್ಲು ಕೊಡುವವಳು ಯಾರಿಗೆ ಕೊಡಬೇಕು?

ಹಿರಿಯೂರಿನ ಸೀಮೆಯ ನಮ್ಮ ಪಂಚಾಯ್ತಿ ಲೈಬ್ರರಿಗೆ ಹೋದ ವರ್ಷ ಕಂಪ್ಯೂಟರುಗಳು ಬಂದವು. ಅಲ್ಲಿ ಚೈತ್ರಾ ಎಂಬ ಹುಡುಗಿ ಕೆಲಸಕ್ಕಿದ್ದಾಳೆ. ತುಂಬಾ ಒಳ್ಳೆಯವಳು. ಒಂದು ದಿನ ಕುರಿ ಹೊಡೆದುಕೊಂಡು ಹೋಗುತ್ತಿದ್ದ ನನ್ನನ್ನು ಕೂಗಿ ನಿಲ್ಲಿಸಿದಳು.

"ಎತ್ತಪ್ಪಜ್ಜ, ದುರ್ಗದಾಗೆ ಒಂದು ಕಾಲೇಜಿನ ಲೈಬ್ರರಿಯೋರು ಹಳೇ ಕ್ಯಾಸೆಟ್ಟೆಲ್ಲಾ ಕಂಪ್ಯೂಟರಿಗೆ ಹಾಕವ್ರೆ. ಈಗ ಎಲ್ಲಾ ಲೈಬ್ರರಿಗೂ ಹಂಚ್ತಾರೆ. ಅದ್ರಾಗೆ ನಿಮ್ಮ ಹಟ್ಟಿ ಚಿತ್ತಮ್ಮ ಹಾಡಿರೋದು ಐತೆ. ಅಜ್ಜೀನ ಕರ್ಕಂಡು ಬರ್ರಿ."

ನನಗೆ ನೆನಪಿತ್ತು. ನಮ್ಮ ತಲೆಗೂದಲು ಕಪ್ಪಿದ್ದಾಗ ಯಾರೋ ಮೇಷ್ಟ್ರು ಬಂದು, ಬೇವಿನ ಮರದ ಕೆಳಗೆ ಅಕ್ಕತಂಗಿಯರನ್ನು ಕೂರಿಸಿ ಹಾಡಿಸಿಕೊಂಡು ಹೋಗಿದ್ದರು. ಪಾಲಮ್ಮನಿಗೆ ಹೇಳಿದೆ. ಅವಳು ಒಳಗೆ ಹೋಗಿ ಒಗೆದ ಸೀರೆ ಉಟ್ಟುಕೊಂಡು ಬಂದಳು.

ಲೈಬ್ರರಿಯ ಬಾಗಿಲಲ್ಲಿ ಬೋರಣ್ಣ ಪೇಪರ್ ಓದುತ್ತ ಕೂತಿದ್ದ. ಅವನ ಬಾಯಿ ಸುಮ್ಮನಿರುವುದಲ್ಲ. "ಏನಪ್ಪ ಎತ್ತಪ್ಪ, ಕುರಿ ಬಿಟ್ಟು ಕಂಪ್ಯೂಟರ್ ಮೇಯ್ಸಾಕೆ ಬಂದ್ಯಾ?"

"ನೀನು ಆ ಪೇಪರ್ ಮೇಯೋದು ಮುಗ್ಸಲೇ ಮೊದ್ಲು," ಎಂದೆ.

ಚೈತ್ರಾ ಏನೋ ಒತ್ತಿದಳು. ಮೊದಲು ಕೋಳಿ ಕೂಗಿದ್ದು ಕೇಳಿಸಿತು. ಆಮೇಲೆ ಚಿತ್ತಮ್ಮ. ಅದೇ ಒಡೆದ ದನಿ. ಅಣ್ಣನ ಕುರಿ ಕಾಯಲು ಹೋದ ತಂಗಿಯ ಹಾಡು ಅದು. ಮಳೆ ಹಿಡಿಯುತ್ತದೆ, ಕುರಿಗಳು ಹೊಳೆ ದಾಟಿಬಿಡುತ್ತವೆ, ಹುಡುಗಿ ದಂಡೆಯಲ್ಲಿ ಉಳಿಯುತ್ತಾಳೆ.

"ಕೆಂಪಾನೆ ಹೊಳೆ ಬಂತು, ಕುರಿಯೆಲ್ಲ ಆಚೀಗೆ..." ಎಂದಳು ಚಿತ್ತಮ್ಮ.

"ನಾನೊಬ್ಬಳು ಈಚೀಗೆ ಅಣ್ಣಯ್ಯ," ಎಂದು ಕಂಪ್ಯೂಟರಿನೊಳಗಿನ ಪಾಲಮ್ಮನೂ, ಬೆಂಚಿನ ಮೇಲಿದ್ದ ಪಾಲಮ್ಮನೂ ಒಟ್ಟಿಗೆ ಸೊಲ್ಲು ಕೊಟ್ಟರು.

ಅಲ್ಲಿಗೆ ನಿಂತಿತು.

ಪಾಲಮ್ಮ ಬಾಯಿ ತೆರೆದುಕೊಂಡೇ ಇದ್ದಳು. "ಮುಂದಕ್ ಹಾಕವ್ವ."

"ಇಷ್ಟೇ ಐತೆ ಅಜ್ಜಿ."

"ಕೂಸು ದಂಡೇಲಿ ನಿಂತೈತಲ್ಲವ್ವ."

ಚೈತ್ರಾ ಗಾಬರಿಯಾಗಿ ದುರ್ಗಕ್ಕೆ ಫೋನ್ ಮಾಡಿದಳು. ಕ್ಯಾಸೆಟ್ಟಿನ ಮುಂದಿನ ಭಾಗಕ್ಕೆ ಬೂಷ್ಟು ಹಿಡಿದು ಟೇಪು ಹಾಳಾಗಿತ್ತಂತೆ. ಸಿಕ್ಕಷ್ಟನ್ನು ಉಳಿಸಿದ್ದರು. ತಪ್ಪು ಅವರದೂ ಅಲ್ಲ.

"ಅಜ್ಜಿ, ಇದು ಬರೀ ರೆಕಾರ್ಡು. ಇದಕ್ಕೆಲ್ಲ ಕಟ್ಟಳೆ ಇರಲ್ಲ, ಏಳ್ರಿ," ಎಂದಳು ಚೈತ್ರಾ.

"ದನಿ ಯಾರ್ದವ್ವ?"

"ನಿಮ್ಮಕ್ಕಂದು."

"ಮತ್ತೆ?"

ಬಾಗಿಲು ಹಾಕುವ ಹೊತ್ತಿಗೆ ನಾನೇ ಪಾಲಮ್ಮನ ತೋಳು ಹಿಡಿದು ಎಬ್ಬಿಸಿದೆ. ಮನೆಯಲ್ಲಿ ಅವಳು ಉಣ್ಣಲಿಲ್ಲ. ಮಾರನೆಯ ದಿನ ಅಂಬಲಿ ಕೊಟ್ಟರೆ ಲೋಟವನ್ನು ಪಕ್ಕಕ್ಕೆ ಸರಿಸಿದಳು. ವಯಸ್ಸಾದ ಜೀವ, ನನಗೆ ಹೆದರಿಕೆಯಾಯಿತು. ಚೈತ್ರಾಳ ಮುಂದೆ ಹೋಗಿ ನಿಂತೆ. ಅವಳ ಕಣ್ಣಲ್ಲೂ ನೀರು. "ಅಜ್ಜೀನೇ ಮುಗಿಸಿ ಹಾಡ್ಲಿ ಅಜ್ಜ. ಫೋನಿನಾಗೆ ಹಿಡಿದು ದುರ್ಗಕ್ಕೆ ಕಳಿಸ್ತೀನಿ, ಅಕ್ಕನ ಹಾಡಿಗೆ ಸೇರಿಸ್ತಾರೆ."

ಪಾಲಮ್ಮ ಬಂದಳು. "ಸಾಲು ನಂಗೆ ಬರಲ್ಲವ್ವ. ಸೊಲ್ಲು ಕೊಡ್ತೀನಿ," ಎಂದಳು.

ಕಣ್ಣು ಮುಚ್ಚಿ ಕೂತಳು. ಸುಮ್ಮನಿದ್ದಳು, ತಲೆ ಮಾತ್ರ ಮೆಲ್ಲಗೆ ಆಡುತ್ತಿತ್ತು. ಆಮೇಲೆ ಒಂದು ಸೊಲ್ಲು ಬಂತು. ಮತ್ತೆ ಸುಮ್ಮನೆ. ಚಿತ್ತಮ್ಮ ಒಂದೊಂದು ಸಾಲಿಗೆ ಎಷ್ಟು ಹೊತ್ತು ತೆಗೆದುಕೊಳ್ಳುತ್ತಿದ್ದಳೋ ಅಷ್ಟು ಹೊತ್ತೂ ಕಾದು, ಅಕ್ಕ ಬಿಟ್ಟ ಕಡೆ ಹಿಡಿಯುತ್ತಿದ್ದಳು. ಉದ್ದ ಸಾಲಿಗೆ ಉದ್ದಕ್ಕೆ ಕಾದಳು. ಒಂದು ಕಡೆ ನಕ್ಕಳು. ಅಲ್ಲಿ ಚಿತ್ತಮ್ಮ ಏನೋ ಚೇಷ್ಟೆ ಮಾಡುತ್ತಿದ್ದಳು, ನನಗೂ ನೆನಪಾಯಿತು. ಬೋರಣ್ಣ ಪೇಪರ್ ಮಡಚಿಟ್ಟು ನೆಲದ ಮೇಲೆ ಕೂತವನು ಕಡೆಯ ತನಕ ಏಳಲಿಲ್ಲ. ಹೊಳೆ ಇಳಿಯಿತು. ಅಣ್ಣ ಬಂದು ಕೈ ಹಿಡಿದ. ಹುಡುಗಿ ಮನೆ ಸೇರಿದಳು.

"ಮಜ್ಜಿಗೆ ಇದ್ರೆ ಕೊಡವ್ವ," ಎಂದಳು ಪಾಲಮ್ಮ.

ಅದಾದ ಸ್ವಲ್ಪ ದಿನಕ್ಕೆ ಚೈತ್ರಾ ತಾನೇ ಹಟ್ಟಿಗೆ ಓಡಿ ಬಂದಳು. ಹಾಡು ಸೇರಿದೆ, ಹೊಸದುರ್ಗ, ಹೊಳಲ್ಕೆರೆಯ ಲೈಬ್ರರಿಗಳಲ್ಲೂ ಕೇಳಬಹುದು ಎಂದಳು. ನಾವು ಹೋಗಿ ಅದೇ ಬೆಂಚಿನ ಮೇಲೆ ಕೂತೆವು.

ಚಿತ್ತಮ್ಮ ಹಾಡಿದಳು. ಹೊಳೆ ಬಂತು. ಆಮೇಲೆ ಪಾಲಮ್ಮನ ಸೊಲ್ಲು, ಅದರ ಹಿಂದೆಯೇ ಇನ್ನೊಂದು ಸೊಲ್ಲು, ಮತ್ತೊಂದು. ಒಂದರ ಬೆನ್ನಿಗೆ ಒಂದು ಬಿದ್ದು ಓಡುತ್ತಿದ್ದವು. ನಡುವೆ ಉಸಿರಿಗೂ ಜಾಗವಿರಲಿಲ್ಲ.

"ಚೆನ್ನಾಗಿ ಕ್ಲೀನ್ ಮಾಡವ್ರೆ ಅಲ್ವಾ ಅಜ್ಜಿ? ಸದ್ದಿಲ್ಲದ ಜಾಗಾನೆಲ್ಲ ಕಂಪ್ಯೂಟರೇ ಕತ್ತರಿಸ್ತೈತಂತೆ."

ಪಾಲಮ್ಮ ಎದ್ದುಬಿಟ್ಟಳು. ಹಾಡು ಇನ್ನೂ ನಡೆಯುತ್ತಿತ್ತು. ಇಷ್ಟು ವರ್ಷದಲ್ಲಿ ಹಾಡಿನ ನಡುವೆ ಅವಳು ಎದ್ದದ್ದನ್ನು ನಾನು ನೋಡಿರಲಿಲ್ಲ.

ಚೈತ್ರಾ ಬಾಗಿಲ ತನಕ ಓಡಿ ಬಂದಳು. "ಯಾಕಜ್ಜಿ? ಏನಾತು?"

"ಸದ್ದಿಲ್ಲದ ಜಾಗ ಅಲ್ಲವ್ವ ಅದು. ಅಲ್ಲಿ ನಮ್ಮಕ್ಕ ಹಾಡ್ತಿದ್ಲು."

ಚೈತ್ರಾಳ ಮುಖ ಬಿಳಿಚಿಕೊಂಡಿತು. ಫೋನಿನಲ್ಲಿದ್ದದ್ದನ್ನು ಕಳಿಸಿದ ಮೇಲೆ ಅಳಿಸಿದ್ದಳಂತೆ. ದುರ್ಗದವರೂ ತಿದ್ದಿದ್ದನ್ನಷ್ಟೇ ಇಟ್ಟುಕೊಂಡಿದ್ದರು. "ಇನ್ನೊಂದ್ಸಲ ಹಾಡ್ರಜ್ಜಿ. ಈ ಸಲ ಕತ್ತರಿಸ್ಬೇಡಿ ಅಂತ ನಾನೇ ಹೇಳ್ತೀನಿ. ನಿಮ್ಮ ಕಾಲಿಗೆ ಬೀಳ್ತೀನಿ."

"ಅಳಬ್ಯಾಡ ಸುಮ್ಕಿರು. ನಿಂದೇನು ತಪ್ಪೈತೆ?" ಪಾಲಮ್ಮ ಅವಳ ಕೆನ್ನೆ ಒರೆಸಿದಳು. "ಅವತ್ತು ಕೂಸು ಹೊಳೆ ದಂಡೇಲಿ ನಿಂತಿತ್ತು, ಅದಕ್ಕೇ ನಮ್ಮಕ್ಕ ಬಂದ್ಲು. ಈಗ ಕೂಸು ಮನೆ ಸೇರೈತೆ, ಯಾಕ್ ಬರ್ತಾಳೆ?"

ಒಳಗೆ ಸೊಲ್ಲುಗಳು ಓಡಿ ಓಡಿ ಮುಗಿದವು. ಹಾಡಿನ ಹುಡುಗಿ ಬಲು ಬೇಗ ಮನೆ ಸೇರಿಬಿಟ್ಟಳು.