ಕಾಲರ್ ಟೀಚರ್

ಅಂಗಿ ಕಾರ್ಖಾನೆಯಲ್ಲಿ ಎಲ್ಲರೂ ಅವಳನ್ನು ಕಾಲರಕ್ಕ ಎನ್ನುತ್ತಿದ್ದರು. ಮದುವೆಗೆ ಮುಂಚೆ ಕೆಲಸಕ್ಕೆ ಸೇರಿದವಳು, ಮಗಳ ಮದುವೆಯಾಗುವ ತನಕ ಹೊಲಿದದ್ದು ಕಾಲರ್ ಒಂದೇ. ಎಡಗಡೆಯವಳು ಅಂಗಿಯ ಬೆನ್ನು ಜೋಡಿಸಿ ದಾಟಿಸುತ್ತಿದ್ದಳು, ಇವಳು ಕಾಲರ್ ಕೂರಿಸಿ ಬಲಗಡೆಗೆ ತಳ್ಳುತ್ತಿದ್ದಳು. ಬೇರೆ ಕಡೆ ತಲೆ ಎತ್ತಿದರೆ ಸೂಪರ್‌ವೈಸರ್ ಬೈಯುತ್ತಿದ್ದ.

ಕಾರ್ಖಾನೆ ಬಾಗಿಲು ಹಾಕಿತು. ಹೊಲಿಗೆ ತರಬೇತಿ ಕೇಂದ್ರದ ಮೇಡಂ ಅವಳನ್ನು ಟೀಚರ್ ಕೆಲಸಕ್ಕೆ ಕರೆಸಿ, "ಎಷ್ಟು ಅಂಗಿ ಹೊಲಿದಿರಬಹುದು ನೀವು?" ಎಂದು ಕೇಳಿದರು.

"ಲಕ್ಷಗಟ್ಲೆ, ಮೇಡಂ."

ಸುಳ್ಳೂ ಅಲ್ಲ, ನಿಜವೂ ಅಲ್ಲ. ಗಂಡ ಸೊಂಟ ಹಿಡಿದುಕೊಂಡು ಮನೆಯಲ್ಲಿ ಕೂತಿದ್ದ. ಹೊಟ್ಟೆಪಾಡಿನ ಮುಂದೆ ಯಾರು ತಾನೇ ಹರಿಶ್ಚಂದ್ರನ ಮಕ್ಕಳಾಗಿರುತ್ತಾರೆ, ಹೇಳಿ!

ಪಾಠಕ್ಕೆ ನಿಂತ ಮೊದಲ ದಿನವೇ ಹುಡುಗಿಯರು ಅಂಗಿ ಹೊಲಿಯುವುದನ್ನು ಕಲಿಸಿ ಎಂದರು. ಪೂರ್ತಿ ಅಂಗಿ ಅವಳಿಗೆ ಬರುತ್ತಿರಲಿಲ್ಲ. ಹಾಗಾಗಿ ಬಂದದ್ದನ್ನೇ ಮಾಡಿದಳು. ಒಳ್ಳೆಯ ಅಂಗಿಯೊಂದನ್ನು ಬಿಚ್ಚಿ, ಒಬ್ಬೊಬ್ಬ ಹುಡುಗಿಗೆ ಒಂದೊಂದು ಭಾಗ ಕೊಟ್ಟು, "ಇದನ್ನ ನೋಡ್ಕೊಂಡು ಹೀಗೇ ಹೊಲೀರಿ" ಎಂದಳು. ಕತ್ತರಿಸಿದ ಬಟ್ಟೆ ಬೇರೊಂದು ಕಾರ್ಖಾನೆಯಿಂದ ಬರುತ್ತಿತ್ತು. ಕೊಂಕು ಹಿಡಿಯುವ ಕಣ್ಣು ಅವಳಿಗಿತ್ತು; ವಾಲಿದ ಹೊಲಿಗೆಯನ್ನೆಲ್ಲ ಬಿಚ್ಚಿಸಿದಳು. ಬರಬರುತ್ತಾ ಹುಡುಗಿಯರ ಹೆಸರೇ ಜೇಬು, ತೋಳು, ಕಾಜಾ ಎಂದಾಯಿತು. ಅಂಗಿಗಳು ಅಂಗಡಿ ಮಾಲಿನಂತೆ ಹೊರಬಂದವು. ಮೇಡಂ ಹಿಗ್ಗಿ ಹೀರೇಕಾಯಿಯಾಗಿ ಅವನ್ನು ಬೀದಿ ಕಿಟಕಿಗೆ ತೂಗುಹಾಕಿಸಿದರು. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿಯುತ್ತಿತ್ತು.

ಒಂದು ಬೆಳಿಗ್ಗೆ ಜೇಬು ಸಪ್ಪೆ ಮುಖ ಹೊತ್ತು ಬಂದಳು. ಕಲಿತ ಮೇಲೆ ಮನೆಯ ಮುಂದಿನ ಕೋಣೆಯಲ್ಲೇ ಅಂಗಡಿ ಇಡಬೇಕೆಂದಿದ್ದವಳು ಅವಳು.

"ನಿನ್ನ ಮೊದಲನೇ ಗಿರಾಕಿ ನಾನೇ ಅಂತ ಮಾವ ಬಟ್ಟೆ ತಂದ್ಕೊಟ್ರು, ಟೀಚರ್. ಒಂದು ಜೇಬು ಹೊಲ್ದು ಕೂತೆ, ಮುಂದೆ ಕೈಯೇ ಓಡ್ಲಿಲ್ಲ. ನಾದಿನಿ ಬಿದ್ದೂಬಿದ್ದೂ ನಕ್ಳು. ನೀವೊಂದ್ಸಲ ಶುರುವಿಂದ ಹೊಲ್ದು ತೋರ್ಸಿ."

ಎಲ್ಲರೂ ಸ್ಟೂಲು ತಿರುಗಿಸಿಕೊಂಡು ಕೂತರು. ಟೀಚರ್ ಬಟ್ಟೆ ಕೈಗೆತ್ತಿಕೊಂಡಳು. ಕತ್ತರಿ ಮೊಂಡು ಎಂದಳು, ಬೆಳಕು ಸಾಲದು ಎಂದಳು. ಕುಣಿಯಲಾರದವಳಿಗೆ ನೆಲ ಡೊಂಕು! ಕೊನೆಗೆ ಕಣ್ಣು ಮಿಟುಕಿಸುವಷ್ಟರಲ್ಲಿ ಒಂದು ಕಾಲರ್ ಹೊಲಿದಿಟ್ಟಳು. ಮುತ್ತಿನಂಥ ಕಾಲರ್. ಆಮೇಲೆ ಕೈ ನಿಂತಿತು.

"ಇಷ್ಟೇ ಕಣ್ರೇ ನನಗೆ ಬರೋದು."

ಕಾಜಾ ಸಿಡುಕಿದಳು: "ಪರೀಕ್ಷೇಲಿ ಒಬ್ಬೊಬ್ರೂ ಪೂರ್ತಿ ಅಂಗಿ ಹೊಲೀಬೇಕಂತೆ. ನಾನೇನು ಬರೀ ಗುಂಡಿ ತೂತು ತೋರ್ಸ್ಲಾ?"

ನಾಚಿಕೆಗೆ ನೆಲ ಬಾಯಿ ಬಿಡಬಾರದೇ ಎನ್ನಿಸಿತು ಟೀಚರಿಗೆ. ಆದರೆ ನೀರಿಗಿಳಿದ ಮೇಲೆ ಚಳಿಯೇನು, ಮಳೆಯೇನು? ಸ್ಟೂಲು ಎಳೆದುಕೊಂಡು ತೋಳು ಹೊಲಿಯುವ ಹುಡುಗಿಯ ಪಕ್ಕ ಕೂತು, "ಮೊದಲು ನೀನು ಕಲಿಸು, ಆಮೇಲೆ ಉಳಿದವರು. ಕಾಲರ್ ನಾನು ಎಲ್ಲರಿಗೂ ಹೇಳ್ಕೊಡ್ತೀನಿ" ಎಂದಳು. ಜೇಬಿನ ಮಾವನ ಹಳೆಯ ಅಂಗಿಯೊಂದನ್ನು ತರಿಸಿ, ಅದರ ಅಳತೆಗೇ ಅವನು ಕೊಟ್ಟಿದ್ದ ಹೊಸ ಬಟ್ಟೆ ಕತ್ತರಿಸಿದರು. ಆ ಅಂಗಿಯನ್ನು ಟೀಚರೇ ಹೊಲಿದಳು. "ಬಿಚ್ಚಿ, ಇನ್ನೊಂದ್ಸಲ" ಎಂದು ಹೇಳುವ ಸರದಿ ಈಗ ಹುಡುಗಿಯರದು. ಅವರೇನೂ ದಾಕ್ಷಿಣ್ಯ ನೋಡಲಿಲ್ಲ.

ವಾರ ಕಳೆದ ಮೇಲೆ ಮೇಡಂ ಹೊಲಿಗೆಯ ಕೋಣೆಗೆ ನುಗ್ಗಿದರು. ಹಿಂದೆ ಜೇಬಿನ ಮಾವ, ಆ ಅಂಗಿ ತೊಟ್ಟು. ಒಂದು ತೋಳು ಉದ್ದ, ಕೆಳಗಿನ ಅಂಚು ಸೊಟ್ಟ.

"ಬೀದೀಲಿ ಸಿಕ್ರು, ನಮ್ಮಲ್ಲೇ ಹೊಲಿಸಿದ್ದಂತೆ! ಕಿಟಕೀಲಿರೋ ಅಂಗಿಯೆಲ್ಲಿ, ಇದೆಲ್ಲಿ? ನನ್ನ ಮಾನ ಹೋಯ್ತು. ಯಾರು ಹೊಲಿದಿದ್ದು?"

ಜೇಬು ಹೆದರಿಕೊಂಡೇ ಎದ್ದಳು. ಟೀಚರ್ ಅವಳ ಭುಜ ಅದುಮಿ ಕೂರಿಸಿದಳು. ಮುದುಕ ಅಷ್ಟರಲ್ಲಿ ಉದ್ದದ ತೋಳನ್ನು ಮಡಚಿಕೊಂಡು, ಕನ್ನಡಕ ತೆಗೆದು ಅಂಗಿಯ ಜೇಬಿಗೆ ಹಾಕಿಕೊಂಡಿದ್ದ. ಟೀಚರ್ ಅವನನ್ನೇ ನೋಡುತ್ತಿದ್ದಳು. ಕೆಲಸ ಹೋದರೆ ಹೋಗಲಿ ಎನ್ನಿಸಿತು.

"ನಾನು, ಮೇಡಂ" ಎಂದಳು. "ಇದೇ ನನ್ನ ಮೊದಲನೇ ಅಂಗಿ."