ಒಂದು ಗಂಟೆ ನಡಿಗೆ, ಒಂದೇ ಖರ್ಜೂರ

ಜುವೈನಾಳ ಗಂಡ ತೀರಿಕೊಂಡು ವರ್ಷವಾಗಿತ್ತು. ವಿಧವೆ ಮನೆಯೊಳಗೇ ಇರಬೇಕಾದ ನಾಲ್ಕು ತಿಂಗಳು ಹತ್ತು ದಿನ ಎಂದೋ ಮುಗಿದಿದ್ದವು. ಆದರೂ ಅವಳು ಹೊಸ್ತಿಲು ದಾಟಿದ್ದು ಎರಡೇ ಸಲ, ಅದೂ ಆಸ್ಪತ್ರೆಗೆ. ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು. ರಕ್ತದಲ್ಲಿ ಸಕ್ಕರೆ ಇನ್ನೂರ ಎಂಬತ್ತು.

ಒಂದು ದಿನ ರಾಜಧಾನಿ ಮಸ್ಕತ್ತಿನ ಗಂಡನ ಮನೆಯಿಂದ ಮಗಳು ಶೈಖಾ ಫೋನ್ ಮಾಡಿದಳು. ಅವಳು ಆಗ ಐದು ತಿಂಗಳ ಬಸುರಿ.

"ಉಮ್ಮಾ, ಬಾಣಂತನದ ನಲವತ್ತು ದಿನ ಇಲ್ಲೇ ಇದ್ಬಿಡ್ತೀನಿ. 'ನಿಮ್ಮಮ್ಮನ್ನ ನೋಡ್ಕೊಳ್ಳೋಕೇ ಒಬ್ರು ಬೇಕು, ನಿನ್ನ ಯಾರು ನೋಡ್ಕೋತಾರೆ' ಅಂತಾರೆ ನಮ್ಮತ್ತೆ."

"ಸರಿ ಕಂದಾ," ಎಂದಳು ಜುವೈನಾ. ಫೋನಿಟ್ಟವಳೇ ಅಳತೊಡಗಿದಳು. ಚೊಚ್ಚಲ ಹೆರಿಗೆಗೆ ಮಗಳು ತವರಿಗೆ ಬರದಿದ್ದರೆ ತಾಯಿ ಅಂತ ತಾನು ಇರುವುದಾದರೂ ಯಾಕೆ? ಬೀಗಿತ್ತಿಯ ಮಾತಿನಲ್ಲಿ ಸುಳ್ಳಿರಲಿಲ್ಲ. ಅದೇ ಹೆಚ್ಚು ಚುಚ್ಚಿತು.

ಪಕ್ಕದ ಮನೆಯ ರಯ್ಯಾ ಆರೋಗ್ಯ ಕೇಂದ್ರದ ಸ್ವಯಂಸೇವಕಿ. ಊರಿನ ಆರು ಹೆಂಗಸರನ್ನು ಕಟ್ಟಿಕೊಂಡು ದಿನಾ ಬೆಳಿಗ್ಗೆ ಖರ್ಜೂರದ ತೋಟಗಳ ನಡುವಿನ ಫಲಜ್ ಕಾಲುವೆಯ ದಂಡೆಯ ಮೇಲೆ ನಡೆಯುತ್ತಿದ್ದಳು. ಅವಳು ಬಂದಾಗ ಜುವೈನಾ ಅಳುತ್ತ ಕೂತಿದ್ದಳು. ವಿಷಯ ಕೇಳಿದ ರಯ್ಯಾ, "ನಾಳೆಯಿಂದ ನಮ್ಮ ಜೊತೆ ನಡೆಯೋಕೆ ಬಾ," ಎಂದಳು.

"ಗಂಡ ಸತ್ತೋಳು ಬೂಟು ಹಾಕ್ಕೊಂಡು ಮೆರವಣಿಗೆ ಹೊರಟ್ಳು ಅಂತಾರೆ ಜನ."

"ಅಂದೋರು ಬಂದು ನಿನ್ನ ಮಗಳ ಬಾಣಂತನ ಮಾಡ್ತಾರೇನೇ?"

"ನಮ್ಮಜ್ಜಿ ಯಾವ ಗುಂಪು ಕಟ್ಟಿದ್ಲು? ತೊಂಬತ್ತು ವರ್ಷ ಗಟ್ಟಿಯಾಗಿದ್ಲು."

"ನಿಮ್ಮಜ್ಜಿ ನೀರು ಹೊತ್ತು ಗುಡ್ಡ ಹತ್ತಿದ್ಲು. ನೀನು ಟಿವಿ ರಿಮೋಟ್ ಹೊತ್ತು ಮಂಚ ಹತ್ತೀಯ!"

ಜುವೈನಾಳಿಗೆ ಅಳುವಿನ ನಡುವೆಯೇ ನಗು ಬಂತು. ಡಾಕ್ಟರನ್ನು ಕೇಳಿದಳು. "ಧಾರಾಳವಾಗಿ ನಡೀರಿ. ಮಾತ್ರೆ ಮಾತ್ರ ಬಿಡಬೇಡಿ. ಬರಿಗಾಲಲ್ಲಿ ನಡೀಬೇಡಿ," ಎಂದರು.

ಮೊದಲ ದಿನ ಹತ್ತು ನಿಮಿಷಕ್ಕೇ ಕೂತುಬಿಟ್ಟಳು. ಮರುವಾರ ಗಂಡ ತೋಟಕ್ಕೆ ನೀರು ತಿರುಗಿಸುತ್ತಿದ್ದ ತೂಬಿನವರೆಗೆ ಹೋದಳು. ಅಲ್ಲಿ ದುಃಖ ಒತ್ತರಿಸಿ ಬಂತು. ಅಳಬೇಡ ಎಂದು ಯಾರೂ ಹೇಳಲಿಲ್ಲ. ಏಳೂ ಜನ ಹೆಜ್ಜೆ ನಿಧಾನ ಮಾಡಿದರು, ಅಷ್ಟೇ. ಅಂದು ಅವಳು ಗಂಡನ ಹೆಸರೆತ್ತಿ ಮಾತಾಡಿದಳು, ವರ್ಷದಲ್ಲಿ ಮೊದಲ ಸಲ. ಆ ರಾತ್ರಿ ಕಣ್ತುಂಬ ನಿದ್ದೆ ಮಾಡಿದಳು.

ಆರು ವಾರದ ಮೇಲೆ ರಯ್ಯಾಳ ಜೊತೆ ಆರೋಗ್ಯ ಕೇಂದ್ರಕ್ಕೆ ಹೋಗಿ ರಕ್ತ ಪರೀಕ್ಷೆ ಮಾಡಿಸಿದಳು. ಇನ್ನೂರ ಎಪ್ಪತ್ತನಾಲ್ಕು!

"ಬೂಟು ಸವೆಸಿದ್ದೇ ಬಂತು," ಎಂದು ಜುವೈನಾ ಸಿಡುಕಿದಳು. ರಯ್ಯಾಳ ಮುಖವೂ ಇಳಿಯಿತು.

ನರ್ಸ್ ಕೇಳಿದಳು: "ನಡೆದಾದ್ಮೇಲೆ ಏನ್ಮಾಡ್ತೀರಿ?"

"ದಿನಾ ಒಬ್ಬೊಬ್ಬರ ಮನೇಲಿ ಸಕ್ಕರೆ ಹಾಕದ ಕಾಫಿ."

"ಕಾಫಿ ಜೊತೆಗೆ?"

ಇಬ್ಬರೂ ಮುಖ ಮುಖ ನೋಡಿಕೊಂಡರು. "ಖರ್ಜೂರ... ಏಳೋ ಒಂಬತ್ತೋ. ಬೇಡ ಅಂದ್ರೆ ಮನೆಯೋರಿಗೆ ಅವಮಾನ ಅಲ್ವಾ? ಮತ್ತೆ, ಒಂಚೂರು ಹಲ್ವಾ."

"ಭೇಷ್! ದಂಡೆ ಮೇಲೆ ಇಳಿಸಿದ್ದನ್ನೆಲ್ಲಾ ಚಾಪೆ ಮೇಲೆ ಏರಿಸ್ಕೊಂಡಿದೀರಿ!"

ತಪ್ಪು ಗೊತ್ತಾಯಿತು. ಆದರೆ ಬಂದವರ ಮುಂದೆ ಬರಿ ತಟ್ಟೆ ಇಡುವ ಮೊದಲ ಮನೆ ಯಾವುದು? ಮರುದಿನದ ಸರದಿ ಜುವೈನಾಳದೇ. ಅವಳು ಸೌತೆಕಾಯಿ ಹೆಚ್ಚಿಟ್ಟಳು, ಕಾಫಿ ಕಾಸಿದಳು, ಎಂಟು ಜನಕ್ಕೆ ಎಂಟೇ ಖರ್ಜೂರ ಇಟ್ಟಳು.

ಗುಂಪಿನ ಹಿರಿಯಳು ಮೋಜಾ ಹುಬ್ಬೇರಿಸಿದಳು. "ಇದೇನೇ, ಎಣಿಸಿಟ್ಟಿದೀಯಾ? ನಿನ್ನ ಗಂಡ ಇದ್ದಾಗ ಈ ಮನೇಲಿ ಬುಟ್ಟಿಗಟ್ಟಲೆ ಸುರೀತಿದ್ರು!"

ಜುವೈನಾ ತಟ್ಟೆಯನ್ನು ಅವಳ ಮುಂದೆ ಸರಿಸಿದಳು.

"ಹೌದು ಮೋಜಕ್ಕಾ. ಸುರೀತಿದ್ರು, ತಾವೂ ತಿಂತಿದ್ರು. ಇದೇ ಸಕ್ಕರೆ ಕಾಯಿಲೇಲಿ ಹೋದ್ರು. ನೀವೆಲ್ಲಾ ನನಗಿನ್ನೂ ಬೇಕು. ಒಂದೊಂದೇ ತಗೊಳ್ಳಿ."

ಮೋಜಾ ಒಂದು ಖರ್ಜೂರ ಎತ್ತಿಕೊಂಡಳು. "ಖರ್ಜೂರ ಬೆಸ ಸಂಖ್ಯೇಲಿ ತಿನ್ನೋದು ನಮ್ಮ ಪದ್ಧತಿ ಅಲ್ವಾ? ಒಂದೂ ಬೆಸಾನೇ ಕಣ್ರೇ! ತಿನ್ನಿ!"

ಮನೆ ತುಂಬ ನಗು. ಅಂದಿನಿಂದ ಎಂಟೂ ಮನೆಗಳಲ್ಲಿ ಅದೇ ಕಟ್ಟಳೆಯಾಯಿತು.

ಇನ್ನೂ ಒಂದೂವರೆ ತಿಂಗಳು ಕಳೆಯಿತು. ನಡಿಗೆ ಒಂದು ಗಂಟೆಗೆ ಏರಿತು, ಸಕ್ಕರೆ ನೂರ ನಲವತ್ತಕ್ಕೆ ಇಳಿಯಿತು. ಜುವೈನಾ ಮಸ್ಕತ್ತಿಗೆ ಹೊರಟಳು. ಬಾಗಿಲು ತೆರೆದ ಬೀಗಿತ್ತಿ ಬೆರಗಾದಳು.

"ನಾಲ್ಕನೇ ಮಹಡಿ! ಲಿಫ್ಟ್ ಬೇರೆ ಕೆಟ್ಟಿದೆ. ಹೇಗೆ ಬಂದ್ರಿ?"

"ನಡ್ಕೊಂಡು ಬಂದೆ. ಮಗಳನ್ನ ಕರ್ಕೊಂಡು ಹೋಗೋಕೆ."

ಬೀಗಿತ್ತಿ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಆಮೇಲೆ ಒಳಗೆ ತಿರುಗಿ ಕೂಗಿದಳು: "ಶೈಖಾ, ಬಟ್ಟೆ ಜೋಡಿಸ್ಕೋ. ನಿನ್ನ ತವರು ಬಂದಿದೆ."

ಹೆರಿಗೆ ತಾಯಿಯ ಊರಲ್ಲೇ ಆಯಿತು. ನಲವತ್ತು ದಿನವೂ ಬಾಣಂತಿಗೆ ಬಿಸಿ ಸಾರು ಕೊಟ್ಟದ್ದು, ಮಗುವಿಗೆ ನೀರೆರೆದದ್ದು ಜುವೈನಾಳ ಕೈಯೇ. ಬೆಳಗಿನ ಆ ಒಂದು ಗಂಟೆ ಮಾತ್ರ ಗುಂಪಿನ ಒಬ್ಬಳು ಸರದಿಯಂತೆ ಮಗು ನೋಡಿಕೊಂಡಳು. ಅಜ್ಜಿ ನಡಿಗೆ ತಪ್ಪಿಸಲಿಲ್ಲ.

ಅಕ್ಕಂದಿರೇ, ನಿಮ್ಮೂರಲ್ಲೂ ಒಂದು ಕೆರೆ ಏರಿ ಇದ್ದೀತು, ಶಾಲೆಯ ಮೈದಾನ ಇದ್ದೀತು. ಸಕ್ಕರೆ, ಬಿಪಿ ಪರೀಕ್ಷೆ ಮಾಡಿಸಿ, ಡಾಕ್ಟರನ್ನು ಕೇಳಿ, ಹತ್ತು ನಿಮಿಷದಿಂದ ಶುರು ಮಾಡಿ. ಒಬ್ಬರೇ ಹೋಗಬೇಡಿ. ಬಾಗಿಲು ಹಾಕಿಕೊಂಡು ಕೂತವಳು ನಿಮ್ಮ ಬೀದಿಯಲ್ಲೂ ಒಬ್ಬಳಿದ್ದಾಳೆ. ಇವತ್ತೇ ಹೋಗಿ ಅವಳ ಬಾಗಿಲು ತಟ್ಟಿ. ಬರಲ್ಲ ಅಂತಾಳೆ. ನಾಳೆಯೂ ತಟ್ಟಿ.